ಡಿವಿಜಿ ಬರೆದ ಮನುಷ್ಯರು

ರಾಜ್ಯಶಾಸ್ತ್ರ ಬರೆದ ಕೈ ಮನುಷ್ಯರ ಮುಖ ಬರೆಯಲು ಕೂತರೆ ಎಂಥ ಗದ್ಯ ಹುಟ್ಟುತ್ತದೆ? ಹೀಗೆ ಕೇಳಿದವರ ಕೈಗೆ ನಾನು ಡಿ.ವಿ. ಗುಂಡಪ್ಪನವರ 'ಜ್ಞಾಪಕ ಚಿತ್ರಶಾಲೆ'ಯ ಒಂದು ಸಂಪುಟ ಕೊಟ್ಟು ಸುಮ್ಮನಾಗುತ್ತೇನೆ. ಇರುವುದು ಎಂಟು. ಹಾಲಹರವಿಯ ನಮ್ಮ ಮನೆಯ ಪ್ರತಿಗಳು ಓದಿ ಓದಿ ಹೊಲಿಗೆ ಬಿಟ್ಟಿವೆ. ದಾರ ಹಾಕಿಸಿಕೊಂಡು ಮತ್ತೆ ಓದುತ್ತೇವೆ.

ನಮ್ಮ ಸೀಮೆಯವರಿಗೆ ರಾಜ್ಯಶಾಸ್ತ್ರ ದೂರದ ವಿದ್ಯೆಯೇನಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. ಆಲೂರಿನ ಜೊತೆಗೆ ನಮ್ಮ ಹಾಲಹರವಿಯೂ ಹೋಯಿತು. ಅಂದಿನಿಂದ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಡಿವಿಜಿ ನನಗೆ ಇಷ್ಟು ಹತ್ತಿರವಾಗಲು ಇದೂ ಒಂದು ಕಾರಣವಿರಬೇಕು. ಅವರ ಪುಟಗಳಲ್ಲಿ ಜನ ತಮ್ಮ ಬಾಯಿಂದಲೇ ಮಾತಾಡುತ್ತಾರೆ. ತೆಲುಗಿನವರು ತೆಲುಗಿನಲ್ಲಿ ಗದರುತ್ತಾರೆ, ತಮಿಳಿನವರು ತಮಿಳಿನಲ್ಲಿ ಹಾಸ್ಯ ಮಾಡುತ್ತಾರೆ, ನಡುವೆ ಯಾರೋ ಒಂದು ಸಂಸ್ಕೃತದ ಮಾತು ತೇಲಿಬಿಡುತ್ತಾರೆ. ಎಲ್ಲವೂ ಕನ್ನಡದ ಅಕ್ಷರದಲ್ಲೇ. ಗಟ್ಟಿಯಾಗಿ ಓದಿ ನೋಡಿ, ಆ ದನಿಗಳ ಏರಿಳಿತ ಕಿವಿಗೇ ಸಿಗುತ್ತದೆ.

ಡಿವಿಜಿ ಹುಟ್ಟಿದ್ದು 1887ರಲ್ಲಿ, ಮುಳಬಾಗಿಲಿನಲ್ಲಿ. ಅದೂ ಗಡಿಯ ಊರೇ. ಮೆಟ್ರಿಕ್ ದಾಟಲಿಲ್ಲ. ಪತ್ರಿಕೆ ನಡೆಸಿದರು, ಮೈಸೂರಿನ ಶಾಸನಸಭೆಯಲ್ಲಿ ಕೂತರು, 'ರಾಜ್ಯಶಾಸ್ತ್ರ', 'ರಾಜ್ಯಾಂಗ ತತ್ತ್ವಗಳು' ಬರೆದರು. ಪದವಿಯಿಲ್ಲದ ಈ ರಾಜ್ಯಶಾಸ್ತ್ರಜ್ಞರಿಗೆ ಮೈಸೂರು ವಿಶ್ವವಿದ್ಯಾಲಯ 1961ರಲ್ಲಿ ಡಿ.ಲಿಟ್. ಕೊಟ್ಟಿತು. ಜೀವನಚರಿತ್ರೆಯ ಗೀಳು ಮಾತ್ರ ತಾರುಣ್ಯದಲ್ಲೇ ಹತ್ತಿತ್ತು: ದಿವಾನ್ ರಂಗಾಚಾರ್ಲು, ಗೋಪಾಲಕೃಷ್ಣ ಗೋಖಲೆ ಇಬ್ಬರ ಚರಿತ್ರೆಯನ್ನೂ ಬರೆದರು. ಆದರೆ ಹಣ್ಣು ಪೂರ್ತಿ ಮಾಗಿದ್ದು ಮುಪ್ಪಿನಲ್ಲಿ, ಚಿತ್ರಶಾಲೆಯಲ್ಲಿ.

ನನ್ನ ಮೆಚ್ಚಿನದು 'ಮೈಸೂರಿನ ದಿವಾನರು' ಸಂಪುಟ. 1881ರಲ್ಲಿ ರಂಗಾಚಾರ್ಲು ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು ಎಂದು ಪಠ್ಯಪುಸ್ತಕವೂ ಹೇಳುತ್ತದೆ, ಹೇಳಿ ಮುಂದೆ ಹೋಗುತ್ತದೆ. ಡಿವಿಜಿ ಮುಂದೆ ಹೋಗುವುದಿಲ್ಲ. ಅಧಿಕಾರ ಎನ್ನುವುದು ಒಬ್ಬ ಮನುಷ್ಯನ ಮೈಮೇಲೆ ಹೇಗೆ ಕೂರುತ್ತದೆ ಎಂದು ನೋಡುತ್ತ ನಿಲ್ಲುತ್ತಾರೆ. ಬಂದವನನ್ನು ಅವನು ಹೇಗೆ ಕೂರಿಸಿದ, ಬೇಡದ ಶಿಫಾರಸನ್ನು ಯಾವ ಮಾತಿನಲ್ಲಿ ತಳ್ಳಿದ, ಸಿಟ್ಟು ಬಂದಾಗ ಎಷ್ಟು ಹೊತ್ತು ಸುಮ್ಮನಿದ್ದ. ರಾಜ್ಯಾಂಗವನ್ನು ಅರೆದು ಕುಡಿದವರಿಗೆ ಮಾತ್ರ ಈ ಸಣ್ಣ ನಡವಳಿಕೆಗಳ ತೂಕ ತಿಳಿಯುತ್ತದೆ.

ವಿ.ಪಿ. ಮಾಧವರಾಯರನ್ನೇ ತೆಗೆದುಕೊಳ್ಳಿ. ಪತ್ರಿಕೆಗಳ ಬಾಯಿ ಕಟ್ಟಿದ 1908ರ ಕಾನೂನು ಅವರ ದಿವಾನಗಿರಿಯದು. ಡಿವಿಜಿ ಆಗ ಎಳೆಯ ಪತ್ರಕರ್ತ. ಹಳೆಯ ಬಾಕಿ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು? ತೀರಿಸಿಕೊಳ್ಳಲಿಲ್ಲ. ಕಾನೂನನ್ನು ಕಾನೂನಾಗಿ ತೂಗಿದರು, ಮನುಷ್ಯನನ್ನು ಬೇರೆ ತಕ್ಕಡಿಯಲ್ಲಿ ಇಟ್ಟರು. ಇಂದಿನ ರಾಜಕೀಯ ಬರಹದಲ್ಲಿ ಎರಡನೆಯ ತಕ್ಕಡಿಯೇ ಕಾಣುವುದಿಲ್ಲ, ಬಿಡಿ.

ಇನ್ನು ಆ ಗದ್ಯ. ಒಂದು ವಾಕ್ಯ ಪಂಚೆಯುಟ್ಟು, ಶಲ್ಯ ಹೊದ್ದು, ಗಂಭೀರವಾಗಿ ನಡೆದು ಬರುತ್ತದೆ. ಅದರ ಬೆನ್ನಿಗೇ ಅಡುಗೆಮನೆಯ ಮಾತೊಂದು ಬಾಗಿಲಲ್ಲಿ ಇಣುಕಿ ನಗುತ್ತದೆ. ವೈದಿಕರ ಸಂಪುಟದಲ್ಲಿ ಶಾಸ್ತ್ರಚರ್ಚೆಗೂ ಊಟಕ್ಕೂ ಸಮನಾದ ಮರ್ಯಾದೆ. ಕಲಾವಿದರ ಸಂಪುಟದಲ್ಲಿ ವೀಣೆ ಶೇಷಣ್ಣನವರ ಮುಂದೆ ಬಂದಾಗಲಂತೂ ಬರವಣಿಗೆಯೇ ವಿಳಂಬಕ್ಕೆ ಇಳಿಯುತ್ತದೆ. ಪುಟ ತಿರುವಲು ಮನಸ್ಸಾಗುವುದಿಲ್ಲ. ಬೆರಳು ಪುಟದ ಅಂಚಿನಲ್ಲಿ ಹಾಗೇ ನಿಂತಿರುತ್ತದೆ. ಅವರು ಹೊಗಳುತ್ತಾರೆ, ಧಾರಾಳವಾಗಿಯೇ. ಆದರೆ ಹೊಗಳಿಕೆಯ ಬೆನ್ನಿಗೆ ಯಾವಾಗಲೂ ಕಣ್ಣಾರೆ ಕಂಡದ್ದೊಂದು ಇರುತ್ತದೆ. ಹಾಗಾಗಿ ಅದು ಸಪ್ಪೆಯಾಗುವುದಿಲ್ಲ.

ದಿವಾನರ ಸಾಲಿನಲ್ಲೇ ಹೆಸರಿಲ್ಲದಷ್ಟು ಸಣ್ಣವರಿಗೂ ಇಲ್ಲಿ ಮಣೆ ಹಾಕಿದ್ದಾರೆ. 'ಹೃದಯಸಂಪನ್ನರು' ಎಂದೇ ಒಂದು ಸಂಪುಟ. ಯಾವ ಸರಕಾರವೂ ಲೆಕ್ಕಕ್ಕೆ ಹಿಡಿಯದ ಸಂಪತ್ತನ್ನು ಒಬ್ಬ ರಾಜ್ಯಶಾಸ್ತ್ರಜ್ಞ ಲೆಕ್ಕಕ್ಕೆ ಹಿಡಿದದ್ದು ನನಗೆ ಇವತ್ತಿಗೂ ರೋಮಾಂಚನ.

ತಾವು ಬರೆದವರ ಪಂಕ್ತಿಯಲ್ಲಿ ಕೂರುವ ಯೋಗ್ಯತೆ ಅವರಿಗಿತ್ತು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. 1970ರ ಸನ್ಮಾನದಲ್ಲಿ ಬಂದ 90,000 ರೂಪಾಯಿಯನ್ನು ಅಷ್ಟನ್ನೂ ಅದಕ್ಕೇ ಕೊಟ್ಟುಬಿಟ್ಟರು.

ಅವರ 'ಮಂಕುತಿಮ್ಮನ ಕಗ್ಗ'ವನ್ನು ಮಾತ್ರ ಓದಿ ಡಿವಿಜಿ ಗೊತ್ತು ಎನ್ನುವವರು ನಮ್ಮಲ್ಲಿ ಬಹಳ. ಅವರಿಗೆ ನನ್ನದೊಂದು ಕೋರಿಕೆ: ದಿವಾನರಿಂದ ಶುರು ಮಾಡಿ, ಆಮೇಲೆ ಹೃದಯಸಂಪನ್ನರ ಕಡೆ ಬನ್ನಿ. ಅವಸರ ಬೇಡ. ದಿನಕ್ಕೆ ಒಬ್ಬರಾದರೆ ಸಾಕು.