ತೊಲೆಗಳ ಜಾಡು ಹಿಡಿದು

ಯುರೋಪಿನ ಹಳೆಯ ಬೀದಿಯಲ್ಲಿ ಬಿಳಿ ಗೋಡೆಯ ಮೇಲೆ ಕಪ್ಪು ತೊಲೆಗಳ ಚಿತ್ತಾರ ಕಂಡರೆ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಮನೆಯ ಭಾರ ಹೊತ್ತಿರುವುದು ಯಾವುದು? ಸೂರಿನಿಂದ ಕಣ್ಣು ಇಳಿಸುತ್ತಾ ಬನ್ನಿ. ಮಾಡಿನ ಭಾರ ಅಡ್ಡತೊಲೆಗೆ, ಅಲ್ಲಿಂದ ಕಂಬಕ್ಕೆ, ಕಂಬದಿಂದ ಅಡಿಪಾಯದ ಮೇಲೆ ಮಲಗಿದ ದಿಮ್ಮಿಗೆ ಇಳಿಯುತ್ತದೆ. ಓರೆಮರಗಳು ಬರೀ ಅಂದಕ್ಕಲ್ಲ, ಚೌಕಟ್ಟು ವಾಲದಂತೆ ಹಿಡಿದಿರುವವು ಅವೇ. ನಡುವಿನ ಖಾನೆಗಳಿಗೆ, ನಮ್ಮ ತಟ್ಟಿಗೋಡೆಯಂತೆ, ಕಡ್ಡಿ ಹೆಣೆದು ಹುಲ್ಲು ಕಲಸಿದ ಮಣ್ಣು ಮೆತ್ತುತ್ತಿದ್ದರು. ಅದು ಏನನ್ನೂ ಹೊರುವುದಿಲ್ಲ.

ಆಮೇಲೆ ಹತ್ತಿರ ಹೋಗಿ. ತೊಲೆಗಳು ಕೂಡುವಲ್ಲಿ ಮರದ ಬೆಣೆಗಳಿವೆ. ಕೆಲವೆಡೆ ರೋಮನ್ ಅಂಕಿಯಂಥ ಗೀಟುಗಳೂ ಸಿಗುತ್ತವೆ. ಬಡಗಿಗಳು ಚೌಕಟ್ಟನ್ನು ನೆಲದ ಮೇಲೆ ಜೋಡಿಸಿ, ಬಿಚ್ಚಿ, ಮತ್ತೆ ಎತ್ತಿ ನಿಲ್ಲಿಸುವಾಗ ಯಾವುದಕ್ಕೆ ಯಾವುದು ಎಂದು ತಿಳಿಯಲು ಕೆತ್ತಿದ ಗುರುತುಗಳವು. ನನಗೆ ಇಡೀ ಮನೆಯಲ್ಲಿ ಅತಿ ಪ್ರಿಯವಾದ ಭಾಗ ಅದು. ಬಳಸುತ್ತಿದ್ದದ್ದು ಹೆಚ್ಚಾಗಿ ಹಸಿ ಓಕ್. ಅದು ನಿಂತಲ್ಲೇ ಒಣಗಿ, ಬಿರಿದು, ಸೊಟ್ಟಗಾಯಿತು. ಇಂಗ್ಲೆಂಡಿನ ಚೆಷರ್‌ನ ಲಿಟಲ್ ಮೋರ್ಟನ್ ಹಾಲ್‌ನಲ್ಲಂತೂ ನೆತ್ತಿಯ ಮೇಲೆ ಆಮೇಲೆ ಸೇರಿಸಿದ ಉದ್ದನೆಯ ಮೊಗಸಾಲೆ ಮತ್ತು ಕಲ್ಲುಹಲಗೆಯ ಮಾಡಿನ ಭಾರಕ್ಕೆ ಮನೆಯೇ ಬಾಗಿದೆ.

ಕಪ್ಪು-ಬಿಳುಪೇ ಹಳೆಯ ಬಣ್ಣವೆಂದು ನಂಬಬೇಡಿ. ಇಂಗ್ಲೆಂಡಿನಲ್ಲಿ ತೊಲೆಗಳಿಗೆ ಕಪ್ಪು ಬಳಿಯುವ ರೂಢಿ ಬಹುಮಟ್ಟಿಗೆ 19ನೇ ಶತಮಾನದ್ದು. ಸಫೊಕ್‌ನ ಲ್ಯಾವನಮ್‌ನಲ್ಲಿ ಬಣ್ಣವಿಲ್ಲದ ಓಕ್ ಬೆಳ್ಳಿಬೂದು ಬಣ್ಣಕ್ಕೆ ತಿರುಗಿರುವುದನ್ನು ನೋಡಬಹುದು.

ಅದೇ ಶತಮಾನದಲ್ಲಿ ವಾಸ್ತುಶಿಲ್ಪಿ ನಾರ್ಮನ್ ಶಾ ಮೊದಲಾದವರು ಟ್ಯೂಡರ್ ಅರಸರ ಕಾಲದ ಇಂಥ ಮನೆಗಳ ಶೈಲಿಗೆ ಮರುಜೀವ ಕೊಟ್ಟರು. ಮುಂದೆ ಲಂಡನ್ನಿನ ಹೊರವಲಯದ ಸಾವಿರಾರು ಮನೆಗಳಲ್ಲಿ ಇಟ್ಟಿಗೆ ಗೋಡೆಗೆ ಹಲಗೆ ಹೊಡೆದದ್ದಷ್ಟೇ. ಅಲ್ಲಿ ಮರ ಏನನ್ನೂ ಹೊರುವುದಿಲ್ಲ. ಹಾಗೆಂದು ಪುನರುಜ್ಜೀವನದ ಕಟ್ಟಡಗಳನ್ನೆಲ್ಲ ಹಗುರವಾಗಿ ಕಾಣಬೇಡಿ. ಲಂಡನ್ನಿನ 1924ರ ಲಿಬರ್ಟಿ ಮಳಿಗೆಯನ್ನು ಎರಡು ಹಳೆಯ ಯುದ್ಧನೌಕೆಗಳ ಮರದಿಂದ ಕಟ್ಟಿದ್ದಾರೆ. ಒಳಗಿನ ಮರದ ಕೆಲಸ ನಿಜಕ್ಕೂ ಸೊಗಸು. ನಮ್ಮ ಬೆಂಗಳೂರು ಅರಮನೆಯನ್ನೂ ಟ್ಯೂಡರ್ ಎನ್ನುತ್ತಾರೆ, ಆದರೆ ಅದು ಬುರುಜುಗಳ ಕೋಟೆಯ ಬಗೆ. ಅಲ್ಲಿ ತೊಲೆ ಹುಡುಕಬೇಡಿ.

ಒಂದೇ ಊರು ನೋಡಲು ಸಾಧ್ಯವಾದರೆ ಜರ್ಮನಿಯ ಕ್ವೆಡ್ಲಿನ್‌ಬರ್ಗ್‌ಗೆ ಹೋಗಿ. 1994ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಈ ಊರಿನಲ್ಲಿ ಇಂಥ ಮನೆಗಳು ಸಾವಿರಕ್ಕೂ ಹೆಚ್ಚು. ವೋರ್ಡ್‌ಗಾಸೆಯ 14ನೇ ಶತಮಾನದ ಮನೆಯಿಂದ ಶುರುಮಾಡಿ: ಅಲ್ಲಿ ಕಂಬಗಳು ನೆಲದಿಂದ ಸೂರಿನವರೆಗೆ ಒಂದೇ ಮರ. ನಂತರದ ಮನೆಗಳಲ್ಲಿ ಮಹಡಿಗೊಂದು ಬೇರೆ ಚೌಕಟ್ಟು; ಮೇಲಿನದು ಕೆಳಗಿನದಕ್ಕಿಂತ ಬೀದಿಯತ್ತ ಚಾಚಿಕೊಂಡಿರುತ್ತದೆ. ಆ ಬದಲಾವಣೆಯನ್ನು ನಿಮ್ಮ ಕಣ್ಣೇ ಹಿಡಿಯಬೇಕು, ಆದ್ದರಿಂದ ಅವಸರ ಮಾಡಬೇಡಿ.