‘ಸಾಕು’ ಎನ್ನುವ ಹಕ್ಕು ಯಾವ ಭಾಷೆಯಲ್ಲಿದೆ?

ಮನೋವೈಜ್ಞಾನಿಕ ಸಂಶೋಧನೆಯ ನೈತಿಕತೆಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅವರ ಪ್ರಯೋಗಗಳಿಂದ ಮೊದಲಾಗುತ್ತದೆ. 1961ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಆರಂಭವಾದ ಅವುಗಳಿಗೆ ಬಂದವರಿಗೆ, ಇದು ನೆನಪು ಮತ್ತು ಕಲಿಕೆಯ ಅಧ್ಯಯನವೆಂದು ಹೇಳಲಾಗಿತ್ತು. ಪರೀಕ್ಷೆಗೊಳಗಾದದ್ದು ಅವರ ವಿಧೇಯತೆ. 1963ರ ವರದಿಯಂತೆ, 40 ಮಂದಿಯಲ್ಲಿ 26 ಮಂದಿ 450 ವೋಲ್ಟಿನ ಕೊನೆಯ ಸ್ವಿಚ್ಚಿನವರೆಗೂ ಹೋದರು. ಆಘಾತ ನಿಜವಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲ. ‘ಸಾಕು’ ಎಂದವರನ್ನು ಮುಂದುವರಿಸಲು ನಾಲ್ಕು ಸಿದ್ಧವಾಕ್ಯಗಳಿದ್ದವು. ಪ್ರಯೋಗಾಲಯದ ಅಪರಿಚಿತ ವಾತಾವರಣದಲ್ಲಿ ಬಂದವನು ಸಂಶೋಧಕನಿಗೆ ಅಧೀನನಾಗಿಯೇ ಇರುತ್ತಾನೆಂದು ಡಯಾನಾ ಬಾಮ್‌ರಿಂಡ್ 1964ರಲ್ಲಿ ಆಕ್ಷೇಪಿಸಿದರು.

ಅಲ್ಲಿ ಭಾಷೆ ಅರ್ಥವಾಗುತ್ತಿತ್ತು, ಹೇಳಿದ ಮಾತು ಸತ್ಯವಾಗಿರಲಿಲ್ಲ. ಗಡಿನಾಡಿನಲ್ಲಿ ಇದರ ವಿಲೋಮ ಸ್ಥಿತಿಯನ್ನು ಕಾಣಬಹುದು: ಹೇಳುವ ಮಾತು ಸತ್ಯ, ಆದರೆ ಭಾಷೆ ಕೇಳುವವನದಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ರಾಷ್ಟ್ರೀಯ ಮಾರ್ಗಸೂಚಿ ಆರೋಗ್ಯಸಂಬಂಧಿ ವರ್ತನಾ ಸಂಶೋಧನೆಗೂ ಅನ್ವಯಿಸುತ್ತದೆ. ಪಾಲ್ಗೊಳ್ಳುವವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ, ಓದುಬಾರದವರಿಗೆ ನಿಷ್ಪಕ್ಷಪಾತ ಸಾಕ್ಷಿ, ಯಾವಾಗ ಬೇಕಾದರೂ ಹಿಂದೆ ಸರಿಯುವ ಸ್ವಾತಂತ್ರ್ಯ – ಇವೆಲ್ಲ ಅದರಲ್ಲಿವೆ. ತತ್ತ್ವದಲ್ಲಿ ದೋಷವಿಲ್ಲ, ತೊಡಕಿರುವುದು ಆಚರಣೆಯಲ್ಲಿ. ‘ಅರ್ಥವಾಗುವ ಭಾಷೆ’ಯನ್ನು ‘ರಾಜ್ಯದ ಭಾಷೆ’ ಎಂದು ಓದಿಕೊಂಡರೆ ಕಾಸರಗೋಡಿನಲ್ಲಿ ಮಲಯಾಳಂ ಪತ್ರ, ತಾಳವಾಡಿಯಲ್ಲಿ ತಮಿಳು ಪತ್ರ ಸಾಕೆನಿಸುತ್ತದೆ. ಪೇಟೆಯ ವ್ಯವಹಾರಕ್ಕೆ ಒದಗುವ ಭಾಷೆ ಮನಸ್ಸಿನ ನೋವನ್ನು ಹೇಳಿಕೊಳ್ಳಲೂ ಒದಗುತ್ತದೆಂದು ಭಾವಿಸುವುದು ಸರಿಯಲ್ಲ.

ಕನ್ನಡದಲ್ಲಿ ಮುದ್ರಿಸಿದ ಮಾತ್ರಕ್ಕೆ ನಮ್ಮ ಹೊಣೆಯೂ ತೀರದು. ಕಾಸರಗೋಡಿನಲ್ಲಿ ಶಾಲೆಯ ಕನ್ನಡ ಕಲಿತು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವವರಿದ್ದಾರೆ. ‘ಸ್ವಪ್ರೇರಿತ ಸಹಭಾಗಿತ್ವದಿಂದ ಹಿಂತೆಗೆಯುವ ಹಕ್ಕು’ ಎಂಬ ಪದಪುಂಜ ಅವರಿಗೆ ಮಾತ್ರವಲ್ಲ, ಮನೆಮಾತು ಕನ್ನಡವಾದವರಿಗೂ ದೂರದ್ದೇ. ‘ಬೇಡವೆನಿಸಿದರೆ ನಡುವೆಯೇ ಎದ್ದು ಹೋಗಬಹುದು, ಯಾರೂ ಕಾರಣ ಕೇಳುವುದಿಲ್ಲ’ ಎಂದರೆ ಹಕ್ಕು ಕೈಗೆ ಸಿಗುತ್ತದೆ. ಅನುವಾದವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಹೋಲಿಸುವ ಕ್ರಮ ಪದಗಳ ಸರಿಸಾಟಿಯನ್ನಷ್ಟೇ ಪರೀಕ್ಷಿಸುತ್ತದೆ. ಕೇಳಿದವನಿಗೆ ತಿಳಿಯಿತೇ ಎಂಬುದನ್ನಲ್ಲ.

ಆದುದರಿಂದ ನೈತಿಕ ಸಮಿತಿಗಳು ಅನುವಾದದ ಪ್ರಮಾಣಪತ್ರಕ್ಕೆ ತೃಪ್ತರಾಗಬಾರದು. ವಿವರಣೆ ಯಾವ ಭಾಷೆಯಲ್ಲಿ, ಯಾರ ಬಾಯಿಂದ ನಡೆಯಿತೆಂಬುದು ದಾಖಲಾಗಬೇಕು. ತಿಳಿದದ್ದನ್ನು ಪಾಲ್ಗೊಳ್ಳುವವರೇ ತಮ್ಮ ಮಾತಿನಲ್ಲಿ ಮರಳಿ ಹೇಳಿದ ಬಳಿಕವೇ ಸಹಿ ಪಡೆಯಬೇಕು. ನಿರಾಕರಿಸುವ ಮಾತು ಬಾಯಿಗೆ ಬಾರದವನಿಂದ ಪಡೆದ ಸಹಿಯನ್ನು ಒಪ್ಪಿಗೆಯೆಂದು ಕರೆಯಲಾಗದು.