ಸಾರಥಿಯ ಮೊದಲ ಪ್ರಶ್ನೆ

ಕತೆಯ ಆರಂಭಕ್ಕೆ ವೇಗ ಬೇಕು ಅಂತ ಹಿಂದೆ ಮಾತಾಡಿದವರು ಹೇಳಿದರು. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬಳ್ಳಾರಿ ಸೀಮೆಯ ದೊಡ್ಡಾಟವನ್ನೇ ನೋಡೋಣ. ಆದೋನಿ, ಆಲೂರು ಒಂದು ಕಾಲಕ್ಕೆ ಆ ಜಿಲ್ಲೆಯವೇ. ಗಣಪತಿ ಸ್ತುತಿ ಮುಗಿದ ಮೇಲೆ ಕೌರವ ರಂಗಕ್ಕೆ ಬರುತ್ತಾನೆ. ತಾವು ಯಾರು, ಬಂದ ಕಾರಣವೇನು ಅಂತ ಸಾರಥಿ ಕೇಳುತ್ತಾನೆ. ಇದು ಬರೀ ಪರಿಚಯ ಅಲ್ಲ. ಉತ್ತರ ಹೇಳುತ್ತಾ ಹೇಳುತ್ತಾ ಅವನು ತನ್ನ ಸಿಂಹಾಸನ, ತಮ್ಮಂದಿರು, ಗದೆ ಅಂತ ಜಂಬ ಕೊಚ್ಚುತ್ತಾನೆ. ಬೆಳಗಾಗೋದರೊಳಗೆ ಮುರಿಯಬೇಕಾದದ್ದು ಯಾವುದು ಅಂತ ಆಗಲೇ ತಿಳಿಯುತ್ತೆ. ಕತೆ ಗೊತ್ತಿರೋ ಜನ ರಾತ್ರಿಯಿಡೀ ಕೂರೋದು ಆ ಜಂಬ ಇಳಿಯೋದನ್ನ ನೋಡೋಕೆ.

ನಮ್ಮ ಗಡಿಯ ಕತೆಗಳು ಎಡವೋದು ಇಲ್ಲೇ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದದ್ದನ್ನೇ ಎರಡು ಪುಟ ಬರೆದು ಶುರು ಮಾಡ್ತೀವಿ. ನಾನೂ ಮಾಡಿದ್ದೇನೆ, ಇಲ್ಲಿ ಓದಿದ ಆ ಕರಡು ನಿಮಗೆ ನೆನಪಿರಬಹುದು. ಮೇಷ್ಟ್ರು ಬರೋದೇ ಮೂರನೇ ಪುಟಕ್ಕೆ, ಬಂದಾಗಲೂ ಅವರಿಗೆ ಕಳೆದುಕೊಳ್ಳೋಕೆ ಏನೂ ಇರಲಿಲ್ಲ. ಈಗ ತಿದ್ದಿದ್ದೇನೆ. ಕನ್ನಡ ಶಾಲೆಯ ಮೇಷ್ಟ್ರು ಹಾಜರಿ ಪುಸ್ತಕ ತೆರೆದು, ‘ನನ್ನ ತರಗತಿ ಯಾವತ್ತೂ ಖಾಲಿ ಬಿದ್ದಿಲ್ಲ’ ಅಂತಾರೆ. ಇಸವಿ ಎಲ್ಲಿ ಬರಬೇಕು ಅನ್ನೋದು ಇನ್ನೂ ತೀರ್ಮಾನವಾಗಿಲ್ಲ.